ಫೋಟೋದಲ್ಲಿಲ್ಲದ ಸಾರಥಿ

ಬೇಲೂರು, ಹಳೇಬೀಡು ನೋಡದ ಕನ್ನಡಿಗರು ಇದ್ದರೂ ಕಡಿಮೆಯೇ ಇರಬೇಕು. ಶಾಲೆಯ ಪ್ರವಾಸದಲ್ಲಿ ಮೇಷ್ಟರ ಹಿಂದೆ ಸಾಲಾಗಿ ನಡೆದು ನೋಡಿದವರು, ಮದುವೆಯಾದ ಹೊಸತರಲ್ಲಿ ನೋಡಿದವರು, ಧರ್ಮಸ್ಥಳಕ್ಕೆ ಹೋಗುತ್ತ ‘ದಾರೀಲೇ ಇದೆಯಲ್ಲ’ ಎಂದು ಅರ್ಧ ಗಂಟೆ ಇಳಿದು ನೋಡಿದವರು, ಪರದೇಶದಿಂದ ಬಂದ ನೆಂಟರಿಗೆ ತೋರಿಸುವ ನೆಪದಲ್ಲಿ ತಾವೂ ಮೊದಲ ಬಾರಿಗೆ ಸರಿಯಾಗಿ ನೋಡಿದವರು, ಹೀಗೆ ನಾನಾ ಬಗೆಯವರಿದ್ದಾರೆ. ಯಾರ ಮನೆಯ ಆಲ್ಬಮ್ ತೆಗೆದರೂ ಅಲ್ಲೊಂದು ಫೋಟೋ ಇರುತ್ತದೆ. ಹಿಂದೆ ಗುಡಿ, ಮುಂದೆ ಇಡೀ ಸಂಸಾರ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ಮಕ್ಕಳು. ಎಲ್ಲರೂ ಫೋಟೋದಲ್ಲೇ ಇರುವಾಗ ಅದನ್ನು ತೆಗೆದವರು ಯಾರು ಎಂದು ಕೇಳಿ ನೋಡಿ. ‘ಡ್ರೈವರ್ ತೆಗೆದದ್ದು’ ಎನ್ನುತ್ತಾರೆ. ಅವರ ಹೆಸರು? ಅದು ಮಾತ್ರ ಯಾರಿಗೂ ನೆನಪಿರುವುದಿಲ್ಲ.

ನಾನು ಅರಸೀಕೆರೆಯವನಾದ್ದರಿಂದ ಈ ಡ್ರೈವರುಗಳನ್ನು ಚಿಕ್ಕಂದಿನಿಂದ ನೋಡುತ್ತ ಬಂದಿದ್ದೇನೆ. ನಮ್ಮೂರು ರೈಲ್ವೆ ಜಂಕ್ಷನ್. ಬೆಂಗಳೂರು ಹುಬ್ಬಳ್ಳಿ ಮಾರ್ಗಕ್ಕೆ ಹಾಸನದ ಕಡೆಯಿಂದ ಬರುವ ಮಾರ್ಗ ಇಲ್ಲಿ ಕೂಡುತ್ತದೆ. ಹಾಸನಕ್ಕೆ ರೈಲು ಬರುವುದಕ್ಕೆ ಮುಂಚೆ ಹೊಯ್ಸಳರ ಗುಡಿಗಳನ್ನು ನೋಡಲು ಬರುವವರಿಗೆ ಅರಸೀಕೆರೆ, ಬಾಣಾವರಗಳೇ ಹೆಬ್ಬಾಗಿಲು. ಗಾಡಿಗಳು ಬದಲಾದವು. ಅಂಬಾಸಿಡರ್ ಬಹಳ ಕಾಲ ಆಳಿತು. 2014ರಲ್ಲಿ ಅದರ ತಯಾರಿಕೆಯೇ ನಿಂತಿತು. ಅಷ್ಟರೊಳಗೆ ಸುಮೋ, ಕ್ವಾಲಿಸ್, ಇನ್ನೋವಾಗಳು ಒಂದರ ಹಿಂದೆ ಒಂದು ಬಂದಿದ್ದವು. ಆದರೆ ರೈಲು ಬಂದ ಹೊತ್ತಿಗೆ ಬಾಗಿಲ ಬಳಿ ನಿಂತು, ಇಳಿದವರ ಬಟ್ಟೆಬರೆ, ಬ್ಯಾಗು, ಮುಖ ನೋಡಿಯೇ ಇವರು ಊರಿನವರೋ, ಗುಡಿ ನೋಡಲು ಬಂದವರೋ ಎಂದು ಹೇಳಬಲ್ಲ ಆ ಕಣ್ಣುಗಳು ಮಾತ್ರ ಬದಲಾಗಿಲ್ಲ.

2024ರ ಡಿಸೆಂಬರಿನಲ್ಲಿ ನನ್ನ ಅಕ್ಕನ ಮಗಳು ಸಂಸಾರ ಸಮೇತ ಊರಿಗೆ ಬಂದಳು. ಅವರಿರುವುದು ಸ್ಕಾಟ್ಲೆಂಡಿನ ಅಬರ್ಡೀನ್ ಪಟ್ಟಣದಲ್ಲಿ. ಉತ್ತರ ಸಮುದ್ರದ ತೈಲ ಉದ್ಯಮಕ್ಕೆ ಹೆಸರಾದ ಊರು ಅದು. ಅಳಿಯ ಅಲ್ಲಿ ಎಂಜಿನಿಯರ್. ಮಗನಿಗೆ ಹದಿನಾಲ್ಕು. ಕನ್ನಡ ಚೆನ್ನಾಗಿ ಅರ್ಥವಾಗುತ್ತದೆ. ಮಾತಾಡುವಾಗ ಮಾತ್ರ ಕ್ರಿಯಾಪದ ಎಲ್ಲಿಡಬೇಕೆಂದು ಒಂದು ಕ್ಷಣ ಯೋಚಿಸುತ್ತಾನೆ. ಅವನಿಗೆ ಬೇಲೂರು, ಹಳೇಬೀಡು ತೋರಿಸಬೇಕೆಂದು ನಾನೇ ಪರಿಚಯದ ಡ್ರೈವರೊಬ್ಬರಿಗೆ ಹೇಳಿ ಗಾಡಿ ಗೊತ್ತು ಮಾಡಿದೆ.

ಬೆಳಿಗ್ಗೆ ಏಳಕ್ಕೆ ಗಾಡಿ ಬಂತು. ಅರಸೀಕೆರೆಯಿಂದ ಜಾವಗಲ್ ಮೇಲೆ ಹೋದರೆ ಮೊದಲು ಸಿಗುವುದು ಹಳೇಬೀಡು. ಅಲ್ಲಿಂದ 16 ಕಿ.ಮೀ. ಮುಂದೆ ಬೇಲೂರು. ಅಳಿಯ ಮೊಬೈಲಿನಲ್ಲಿ ನಕ್ಷೆ ನೋಡಿ, ಮೊದಲು ಹಳೇಬೀಡು ನೋಡಿಕೊಂಡು ಆಮೇಲೆ ಬೇಲೂರಿಗೆ ಹೋಗುವುದೆಂದು ನಿಶ್ಚಯಿಸಿದ್ದ. ಡ್ರೈವರು ಗಾಡಿ ಸ್ಟಾರ್ಟ್ ಮಾಡದೆ ಹಿಂದಕ್ಕೆ ತಿರುಗಿ ಹೇಳಿದರು: ‘ಸಾರ್, ನೀವು ಹೇಳ್ದಂಗೇ ಆಗ್ಲಿ. ಆದ್ರೆ ಒಂದು ಮಾತು. ಈಗ ಸೀದಾ ಬೇಲೂರಿಗೆ ಹೋಗಣ. ಮಧ್ಯಾಹ್ನ ಅಲ್ಲಿ ಗರ್ಭಗುಡಿ ಬಾಗಿಲು ಹಾಕ್ತಾರೆ. ಅಂಗಳದ ಕಲ್ಲೂ ಕಾಯ್ತದೆ, ಬರಿಗಾಲಲ್ಲಿ ನಿಲ್ಲಕ್ಕಾಗಲ್ಲ. ಹಳೇಬೀಡಿಗೆ ಮೂರು ಗಂಟೆ ಮೇಲೆ ಬಂದ್ರೆ ಹಿಂದ್ಗಡೆ ಗೋಡೆ ಮೇಲೆ ಬಿಸ್ಲು ಬೀಳ್ತದೆ. ಬೊಂಬೆ ಎಲ್ಲ ಎದ್ದು ಬಂದಂಗೆ ಕಾಣ್ತವೆ.’

ನಾನು ಈ ಗುಡಿಗಳನ್ನು ಹತ್ತಾರು ಸಲ ನೋಡಿದ್ದೇನೆ, ಪುಸ್ತಕಗಳನ್ನೂ ಓದಿದ್ದೇನೆ. ಆದರೆ ಹೊಯ್ಸಳೇಶ್ವರನ ಎರಡು ಗುಡಿಗಳೂ ಪೂರ್ವಕ್ಕೆ ಮುಖ ಮಾಡಿವೆ, ಆದ್ದರಿಂದ ಶಿಲ್ಪಗಳು ಕಿಕ್ಕಿರಿದಿರುವ ಪಶ್ಚಿಮದ ಗೋಡೆ ಬೆಳಗಿನ ಹೊತ್ತು ನೆರಳಿನಲ್ಲಿರುತ್ತದೆ ಎಂಬ ಸರಳ ಲೆಕ್ಕವನ್ನು ಪ್ರವಾಸದ ವೇಳಾಪಟ್ಟಿಗೆ ಹೊಂದಿಸುವ ಜಾಣ್ಮೆಯನ್ನು ಯಾವ ಪುಸ್ತಕದಲ್ಲೂ ಕಂಡಿರಲಿಲ್ಲ. ಎರಡು ದಶಕ ಹೊರಗೆ ಕಾಯುತ್ತ ನಿಂತವರು, ಒಳಗಿನಿಂದ ಬಂದವರ ಮಾತು ಕೇಳಿಸಿಕೊಂಡು, ಅವರ ಸುಟ್ಟ ಅಂಗಾಲು ನೋಡಿ ಕಲಿತ ವಿದ್ಯೆ ಇದು.

ಹುಡುಗ ಮುಂದಿನ ಸೀಟಿನಲ್ಲಿ ಕುಳಿತಿದ್ದ. ತೆಂಗಿನ ತೋಟ, ಕೆರೆ ಏರಿ, ದಾರಿಯಲ್ಲಿ ಸಿಗುವ ಊರುಗಳ ಹೆಸರು ಎಲ್ಲವನ್ನೂ ಡ್ರೈವರು ಅವನಿಗೆ ಹೇಳುತ್ತಿದ್ದರು. ಜಾವಗಲ್ ಬಂದಾಗ ‘ನಮ್ಮ ಶ್ರೀನಾಥ್ ಹೆಸರಲ್ಲಿರೋ ಊರು ಇದೇ ಮರಿ’ ಎಂದರು. ಹುಡುಗನಿಗೆ ಆ ವೇಗದ ಬೌಲರ್ ಗೊತ್ತಿರಲಿಲ್ಲ. ಅಪ್ಪ ಹಿಂದಿನ ಸೀಟಿನಿಂದ ಹತ್ತು ನಿಮಿಷ ಕ್ರಿಕೆಟ್ ಪಾಠ ಮಾಡಿದ. ಹೀಗೆ ಸಾಗುತ್ತಿದ್ದ ಮಾತು ಹುಡುಗನ ಓದಿನ ಕಡೆ ತಿರುಗಿತು. ಗಣಿತದಲ್ಲಿ ಅಂಕ ಕಡಿಮೆ ಬಂದಿತ್ತಂತೆ. ನನ್ನ ಸೋದರಸೊಸೆ ಸಿಟ್ಟಿನಲ್ಲೇನೂ ಅಲ್ಲ, ನಮ್ಮೆಲ್ಲರ ಮನೆಯಲ್ಲೂ ಹೇಳುವ ಹಾಗೆಯೇ ಹೇಳಿದಳು: ‘ಹೀಗೇ ಆಡ್ತಿರು. ಕೊನೆಗೆ ಟ್ಯಾಕ್ಸಿ ಓಡಿಸಬೇಕಾಗುತ್ತೆ, ನೋಡ್ಕೊ.’

ಗಾಡಿಯೊಳಗೆ ಒಂದು ಕ್ಷಣ ಮೌನ. ಡ್ರೈವರು ಕನ್ನಡಿ ಸರಿಮಾಡಿಕೊಂಡರು. ಅದು ಸರಿಯಾಗಿಯೇ ಇತ್ತು. ಸೊಸೆಗೆ ತಾನು ಆಡಿದ ಮಾತು ಎಲ್ಲಿ ಬಿತ್ತೆಂದು ತಿಳಿದು ಮುಖ ಕೆಂಪಾಯಿತು. ಆಗ ಹುಡುಗ ತಿರುಗಿ ಕೇಳಿದ: ‘ಅದರಲ್ಲಿ ತಪ್ಪೇನಮ್ಮ? ನನ್ನ ಫ್ರೆಂಡ್ ಅಪ್ಪ ಅದೇ ಕೆಲಸ ಮಾಡ್ತಾರಲ್ಲ. ಅವರ ಮನೆಗೆ ನೀನೇ ಊಟಕ್ಕೆ ಹೋಗಿದ್ದೆ.’

ಆ ಗೆಳೆಯನ ತಂದೆಯ ವೃತ್ತಿಯ ವಿವರವನ್ನು ಅಳಿಯ ಆಮೇಲೆ ನನಗೆ ಹೇಳಿದ. ಸ್ಕಾಟ್ಲೆಂಡಿಗೆ ಎರಡು ಹುಚ್ಚಿನ ಪ್ರವಾಸಿಗರು ಬರುತ್ತಾರಂತೆ. ಒಬ್ಬರಿಗೆ ಗಾಲ್ಫ್, ಇನ್ನೊಬ್ಬರಿಗೆ ವಿಸ್ಕಿ. ಕೆಲವರಿಗೆ ಎರಡೂ. ಗಾಲ್ಫ್ ಹುಟ್ಟಿ ಬೆಳೆದ ನಾಡು ಅದು. ಜನ ಬಿಲ್ವಿದ್ಯೆ ಬಿಟ್ಟು ಆಟಕ್ಕೆ ಬಿದ್ದರೆಂದು 1457ರಲ್ಲೇ ಅಲ್ಲಿನ ಪಾರ್ಲಿಮೆಂಟು ಅದನ್ನು ನಿಷೇಧಿಸಿತ್ತು. ನಿಷೇಧ ಹೋಯಿತು, ಆಟ ಉಳಿಯಿತು. ಸೇಂಟ್ ಆಂಡ್ರೂಸ್ ಪಟ್ಟಣದ ಹಳೆಯ ಮೈದಾನದಲ್ಲಿ ಒಮ್ಮೆಯಾದರೂ ಆಡಬೇಕೆಂದು ಅಮೆರಿಕದಿಂದ, ಜಪಾನಿನಿಂದ ಬರುತ್ತಾರೆ. ವಿಸ್ಕಿಯವರು ಹೋಗುವುದು ಸ್ಪೇ ನದಿಯ ಕಣಿವೆಗೆ. ಸ್ಕಾಟ್ಲೆಂಡಿನ ಭಟ್ಟಿಗಳಲ್ಲಿ ಸುಮಾರು ಅರ್ಧದಷ್ಟು ಇರುವುದು ಆ ಒಂದು ಸೀಮೆಯಲ್ಲಿ. ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಕಳೆಯದ ಮದ್ಯವನ್ನು ಸ್ಕಾಚ್ ಎಂದು ಕರೆಯುವಂತಿಲ್ಲ ಎಂಬುದು ಅಲ್ಲಿನ ಕಾನೂನು. ಧರ್ಮಸ್ಥಳ, ಶೃಂಗೇರಿ, ಹೊರನಾಡು ಎಂದು ನಾವು ಒಂದೇ ಸುತ್ತಿನಲ್ಲಿ ಮುಗಿಸುವಂತೆ, ಅವರು ಭಟ್ಟಿಯಿಂದ ಭಟ್ಟಿಗೆ ಯಾತ್ರೆ ಹೊರಡುತ್ತಾರೆ.

ಹೀಗೆ ಹೋದಲ್ಲೆಲ್ಲ ರುಚಿ ನೋಡುವವರು ಸ್ಟೇರಿಂಗ್ ಮುಟ್ಟುವ ಹಾಗಿಲ್ಲ. 100 ಮಿಲಿಲೀಟರ್ ರಕ್ತದಲ್ಲಿ 80 ಮಿಲಿಗ್ರಾಂ ಎಂದಿದ್ದ ಮದ್ಯದ ಮಿತಿಯನ್ನು ಸ್ಕಾಟ್ಲೆಂಡ್ 2014ರ ಡಿಸೆಂಬರಿನಲ್ಲಿ 50ಕ್ಕೆ ಇಳಿಸಿತು. ನಮ್ಮ ದೇಶದಲ್ಲಿ ಅದು ಇನ್ನೂ ಬಿಗಿ, 30 ಮಿಲಿಗ್ರಾಂ. ಆದ್ದರಿಂದ ಗಾಡಿ ಮತ್ತು ಡ್ರೈವರನ್ನು ಗೊತ್ತು ಮಾಡಿಕೊಳ್ಳುವುದು ಅಲ್ಲಿ ರೂಢಿ. ಆ ಡ್ರೈವರು ಬರೀ ಚಕ್ರ ತಿರುಗಿಸುವವನಲ್ಲ. ಸೇಂಟ್ ಆಂಡ್ರೂಸಿನ ಹಳೆಯ ಮೈದಾನ ಭಾನುವಾರ ಸಾಮಾನ್ಯವಾಗಿ ಆಟಕ್ಕೆ ತೆರೆದಿರುವುದಿಲ್ಲ, ಊರ ಜನ ಅಲ್ಲಿ ವಾಕಿಂಗ್ ಮಾಡುತ್ತಾರೆ ಎಂಬುದು ಅವನಿಗೆ ಗೊತ್ತಿರಬೇಕು. ಆಡಲು ಮೊದಲೇ ಹೆಸರು ಕೊಟ್ಟು ಚೀಟಿ ಎತ್ತುವವರೆಗೆ ಕಾಯಬೇಕಾದ ಕ್ರಮ ಗೊತ್ತಿರಬೇಕು. ಗಾಲ್ಫ್ ಕೋಲುಗಳ ಉದ್ದನೆಯ ಚೀಲಗಳು ಹಿಡಿಸುವ ದೊಡ್ಡ ಗಾಡಿ ಇರಬೇಕು. ದಾರಿಯ ಕೋಟೆಯಲ್ಲಿ ಯಾವ ರಾಜ ಯಾರನ್ನು ಸೋಲಿಸಿದ ಎಂದು ಹೇಳಲು ಬರಬೇಕು. ಚಾಲಕ ಮತ್ತು ಮಾರ್ಗದರ್ಶಿ ಎರಡೂ ಒಬ್ಬನೇ ಆಗಿರುವವರು ಅಲ್ಲಿ ಬೇಕಾದಷ್ಟು ಜನ. ಅವರಲ್ಲಿ ಕೆಲವರು ವರ್ಷಗಟ್ಟಲೆ ಓದಿ, ಪರೀಕ್ಷೆ ಪಾಸು ಮಾಡಿ, ನೀಲಿ ಬ್ಯಾಡ್ಜ್ ಧರಿಸುತ್ತಾರೆ. ಭಟ್ಟಿಗಳಲ್ಲಿ ಅತಿಥಿಗಳು ರುಚಿ ನೋಡುವಾಗ ಡ್ರೈವರಿನ ಪಾಲನ್ನು ಪುಟ್ಟ ಸೀಸೆಗೆ ಹಾಕಿ, ಮನೆಗೆ ಹೋದ ಮೇಲೆ ಕುಡಿಯಿರಿ ಎಂದು ಕೊಡುವ ಪದ್ಧತಿಯೂ ಉಂಟಂತೆ. ನಮ್ಮ ಹೆದ್ದಾರಿ ಹೋಟೆಲುಗಳಲ್ಲಿ ಗಿರಾಕಿಗಳನ್ನು ಕರೆತಂದ ಡ್ರೈವರಿಗೆ ಊಟ ಪುಕ್ಕಟೆ ಕೊಡುವುದು ನನಗೆ ನೆನಪಾಯಿತು.

ಬೇಲೂರು ನೋಡಿ, ಊಟ ಮುಗಿಸಿ, ಡ್ರೈವರು ಹೇಳಿದ ಹೊತ್ತಿಗೆ ಸರಿಯಾಗಿ ಹಳೇಬೀಡಿಗೆ ಬಂದೆವು. ಮಂಡಿ ನೋವಿನಿಂದ ನಾನು ಒಳಗೆ ಹೋಗಲಿಲ್ಲ. ಮರದ ನೆರಳಲ್ಲಿ ಡ್ರೈವರುಗಳ ಜೊತೆ ಕುಳಿತೆ. ನಾವು ಶಿಲ್ಪ ನೋಡುವ ಎರಡು ಗಂಟೆ ಅವರು ಏನು ಮಾಡುತ್ತಾರೆ ಎಂಬುದನ್ನು ಅಂದೇ ಪೂರ್ತಿ ನೋಡಿದ್ದು. ಒಬ್ಬರು ಗಾಜು ಒರೆಸುತ್ತಿದ್ದರು. ಇನ್ನೊಬ್ಬರು ಸೀಟು ಹಿಂದಕ್ಕೆ ಬಾಗಿಸಿ, ಬಾಗಿಲು ತೆರೆದು, ಮುಖದ ಮೇಲೆ ಟವೆಲ್ ಹಾಕಿಕೊಂಡು ಮಲಗಿದ್ದರು. ಹಿಂದಿನ ರಾತ್ರಿ ಹನ್ನೊಂದಕ್ಕೆ ಒಂದು ಬಾಡಿಗೆ ಮುಗಿಸಿ, ಬೆಳಗಿನ ನಾಲ್ಕಕ್ಕೆ ಇನ್ನೊಂದಕ್ಕೆ ಹೊರಟವರಂತೆ. ಉಳಿದವರ ನಡುವೆ ಘಟ್ಟದ ರಸ್ತೆಗಳ ಮಾತು ನಡೆದಿತ್ತು. ಮಳೆಗಾಲದಲ್ಲಿ ಶಿರಾಡಿ ಕುಸಿದರೆ ಚಾರ್ಮಾಡಿ ಮೇಲೆ ಹೋಗುವುದೋ, ಬೇಡವೋ. ಎಲ್ಲಿ ಮಂಜು ಇಳಿಯುತ್ತದೆ. ಯಾವ ತಿರುವಿನಲ್ಲಿ ಬಸ್ಸು ಬಂದರೆ ಯಾರು ನಿಲ್ಲಬೇಕು. ಒಂದು ಜಿಲ್ಲೆಯ ಭೂಗೋಳ ಪಾಠ ನನ್ನ ಮುಂದೆ ನಡೆಯುತ್ತಿತ್ತು.

ನಮ್ಮ ಡ್ರೈವರು ಇಬ್ಬರಿಗೂ ಚಹಾ ತಂದರು. ಬೆಳಿಗ್ಗೆ ಗಾಡಿಯಲ್ಲಿ ಆಡಿದ ಮಾತಿನ ವಿಷಯ ನಾನೇ ಎತ್ತಿದೆ. ‘ಬೇಜಾರು ಮಾಡ್ಕೋಬೇಡಿ’ ಎಂದೆ.

ಅವರು ನಕ್ಕರು. ‘ಬೇಜಾರು ಯಾಕೆ ಸಾರ್? ಮೇಡಂ ಹೇಳಿದ್ದು ಸರಿಯಾಗೇ ಇದೆ. ನಾನೂ ನನ್ನ ಮಗನಿಗೆ ದಿನಾ ಅದನ್ನೇ ಹೇಳದು.’

ಈ ಉತ್ತರವನ್ನು ನಾನು ನಿರೀಕ್ಷಿಸಿರಲಿಲ್ಲ. ಅವರು ನಿಧಾನವಾಗಿ ತಮ್ಮ ಕತೆ ಹೇಳಿದರು. ಎಂಟನೇ ತರಗತಿಗೆ ಶಾಲೆ ಬಿಟ್ಟದ್ದು. ತೆಂಗಿನಕಾಯಿ ಲಾರಿಯಲ್ಲಿ ಕ್ಲೀನರ್ ಆಗಿ ಸೇರಿದ್ದು. ಲಾರಿ ನಿಂತಾಗ ಹಿಂದೆ ಮುಂದೆ ಮಾಡಿ ಓಡಿಸಲು ಕಲಿತದ್ದು. ಆಮೇಲೆ ಮಾಲೀಕರ ಕಾರು, ಹತ್ತು ವರ್ಷದ ನಂತರ ಸಾಲ ಮಾಡಿ ಕೊಂಡ ಸ್ವಂತ ಕಾರು. ಮಗಳು ಎರಡನೇ ಪಿಯುಸಿ, ವಿಜ್ಞಾನ. ಮಗ ಒಂಬತ್ತನೇ ತರಗತಿ, ಗಾಡಿ ಎಂದರೆ ಪ್ರಾಣ.

‘ಕೆಲಸ ಕೆಟ್ಟದ್ದು ಅಂತ ಹೇಳಲ್ಲ ಸಾರ್. ನಂಗೆ ಇದೇ ಅನ್ನ ಕೊಟ್ಟಿರದು. ಆದ್ರೆ ರಾತ್ರಿ ಪಾರ್ಟಿಯವ್ರು ಲಾಡ್ಜಲ್ಲಿ ಮಲಗ್ತಾರೆ, ನಾವು ಸೀಟಲ್ಲೇ ಮಲಗ್ತೀವಿ. ಸ್ನಾನಕ್ಕೆ ಬೆಳಿಗ್ಗೆ ಪೆಟ್ರೋಲ್ ಬಂಕ್ ಹುಡುಕಬೇಕು. ಸೊಂಟ ಹೋಯ್ತು. ಹಬ್ಬದ ದಿನಾನೇ ಬಾಡಿಗೆ ಜಾಸ್ತಿ, ಹಂಗಾಗಿ ಹಬ್ಬಕ್ಕೆ ಮನೇಲಿರಲ್ಲ. ಇಪ್ಪತ್ತೆರಡು ವರ್ಷದಿಂದ ಈ ಗುಡಿಗೆ ಜನ ಕರ್ಕೊಂಡು ಬರ್ತಿದೀನಿ. ಹೆಂಡ್ತಿ ಮಕ್ಕಳನ್ನ ಒಂದು ಸಲಾನೂ ಕರ್ಕೊಂಡು ಬಂದಿಲ್ಲ. ಗಾಡಿ ಖಾಲಿ ಇದ್ದ ದಿನ ಡೀಸೆಲ್‌ಗೆ ದುಡ್ಡಿರಲ್ಲ. ದುಡ್ಡಿದ್ದ ದಿನ ಗಾಡಿ ಖಾಲಿ ಇರಲ್ಲ.’

ಅವರ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಾಡಿಗೆ ಕೊಡುವಾಗ ನಮಗೆಲ್ಲ ಒಂದು ತಕರಾರು ಇದ್ದೇ ಇರುತ್ತದೆ. ಅರಸೀಕೆರೆಯಿಂದ ಬೇಲೂರಿಗೆ ಹೋಗಿ ಬಂದರೆ ಓಡುವುದು ನೂರಿಪ್ಪತ್ತು ಕಿಲೋಮೀಟರಿನ ಆಸುಪಾಸು. ಆದರೆ ಪೂರ್ತಿ ದಿನದ ಬಾಡಿಗೆಗೆ 250 ಅಥವಾ 300 ಕಿಲೋಮೀಟರಿನ ಕನಿಷ್ಠ ಲೆಕ್ಕ ಹಿಡಿಯುವುದು ಈ ವ್ಯವಹಾರದ ಸಾಮಾನ್ಯ ನಿಯಮ. ಓಡದ ದೂರಕ್ಕೆ ಯಾಕೆ ದುಡ್ಡು ಎಂಬುದು ನಮ್ಮ ಪ್ರಶ್ನೆ. ಗಾಡಿ ಓಡಲಿ, ನಿಲ್ಲಲಿ, ಅಂದು ಅದಕ್ಕೆ ಬೇರೆ ಬಾಡಿಗೆ ಇಲ್ಲ ಎಂಬುದು ಅವರ ಉತ್ತರ. ಸಾಲದ ಕಂತು ಪ್ರತಿ ತಿಂಗಳೂ ಬರುತ್ತದೆ. ಹಳದಿ ಬೋರ್ಡಿನ ಗಾಡಿಗೆ ವಿಮೆ, ತೆರಿಗೆ, ಪರ್ಮಿಟ್ ಎಲ್ಲವೂ ಬೇರೆ. ಗಾಡಿ ಎಂಟು ವರ್ಷದ್ದಾಗುವ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ‘ಎಫ್.ಸಿ.’ ಮಾಡಿಸಬೇಕು, ಅಂದರೆ ಗಾಡಿ ರಸ್ತೆಗಿಳಿಯಲು ಯೋಗ್ಯ ಎಂಬ ಪತ್ರ ಪಡೆಯಬೇಕು. ಶಾಲೆ ನಡೆಯುವ ತಿಂಗಳುಗಳಲ್ಲಿ, ಮಳೆಗಾಲದಲ್ಲಿ ವಾರಗಟ್ಟಲೆ ಗಾಡಿ ನಿಂತಿರುತ್ತದೆ. ಡ್ರೈವರಿನ ಕೈಗೆ ನೇರವಾಗಿ ಸೇರುವುದು ‘ಬಾಟಾ’ ಎಂಬ ದಿನಭತ್ಯೆ. ಮಾಲೀಕರ ಗಾಡಿ ಓಡಿಸುವವರಿಗಂತೂ ಸಂಬಳದ ಜೊತೆ ಅದೇ ಆಧಾರ. ಅದರಲ್ಲೇ ಅವರ ಊಟ, ಮಲಗುವ ಜಾಗ ಎರಡೂ ಆಗಬೇಕು. ಮಲಗಲು ಹಣ ಕೊಟ್ಟರೆ ಮನೆಗೆ ಒಯ್ಯಲು ಉಳಿಯುವುದೇನು? ಆದ್ದರಿಂದ ಸೀಟೇ ಹಾಸಿಗೆ. ಹೀಗೆ ಸೀಟಿನಲ್ಲಿ ಅರ್ಧ ನಿದ್ದೆ ಮಾಡಿದವರು ಮರುದಿನ ನಮ್ಮ ಮಕ್ಕಳನ್ನು ಕೂರಿಸಿಕೊಂಡು ಘಟ್ಟ ಇಳಿಯುತ್ತಾರೆ ಎಂಬುದನ್ನು ತಂದೆತಾಯಿಯರು ಒಮ್ಮೆ ಯೋಚಿಸಬೇಕು.

ಅಷ್ಟರಲ್ಲಿ ಹುಡುಗ ಓಡಿ ಬಂದ. ‘ಡ್ರೈವರ್ ಅಂಕಲ್, ನೀವೂ ಬನ್ನಿ. ಗೋಡೆ ಮೇಲೆ ನಿಮ್ಮವರು ಇದ್ದಾರೆ’ ಎಂದ. ಅವನು ಹೇಳಿದ್ದು ಮಹಾಭಾರತದ ಯುದ್ಧದ ಸಾಲನ್ನು. ಆನೆ, ಸಿಂಹ, ಕುದುರೆ, ಬಳ್ಳಿಗಳ ಪಟ್ಟಿಕೆಗಳ ಮೇಲೆ ಕತೆಯ ಪಟ್ಟಿಕೆ ಬರುತ್ತದಲ್ಲ, ಅಲ್ಲಿ ರಥಗಳಿವೆ, ರಥದ ಮುಂದೆ ಸಾರಥಿಗಳಿದ್ದಾರೆ. ಡ್ರೈವರು ಮೊದಲು ಗಾಡಿಯ ಕಡೆ ನೋಡಿದರು. ‘ಗಾಡಿ ನಾನು ನೋಡ್ಕೋತೀನಿ, ಹೋಗಿ ಬನ್ನಿ’ ಎಂದೆ. ಅವರು ಚಪ್ಪಲಿ ಬಿಟ್ಟು ಹುಡುಗನ ಹಿಂದೆ ಹೊರಟರು. ಇಳಿಬಿಸಿಲು ಪಶ್ಚಿಮದ ಗೋಡೆಗೆ ಓರೆಯಾಗಿ ಬೀಳುತ್ತಿದ್ದ ಹೊತ್ತು ಅದು. ಅವರೇ ಹೇಳಿದ್ದ ಹೊತ್ತು.

ಒಬ್ಬನೇ ಕುಳಿತಾಗ ನನಗೆ ಈ ಗುಡಿಗೂ ಸ್ಕಾಟ್ಲೆಂಡಿಗೂ ಇರುವ ಹಳೆಯ ನಂಟೊಂದು ನೆನಪಾಯಿತು. ವಾಸ್ತುಶಿಲ್ಪದ ಇತಿಹಾಸ ಬರೆದ ಜೇಮ್ಸ್ ಫರ್ಗುಸನ್ 1808ರಲ್ಲಿ ಹುಟ್ಟಿದ್ದು ಸ್ಕಾಟ್ಲೆಂಡಿನ ಏರ್ ಪಟ್ಟಣದಲ್ಲಿ. 1876ರಲ್ಲಿ ಪ್ರಕಟವಾದ ತನ್ನ ದೊಡ್ಡ ಗ್ರಂಥದಲ್ಲಿ ಅವನು ಹಳೇಬೀಡಿನ ಗುಡಿಯನ್ನು ಗ್ರೀಸಿನ ಪಾರ್ಥೆನಾನಿನ ಪಕ್ಕದಲ್ಲಿಟ್ಟು ತೂಗಿದ. ಎರಡೂ ಶ್ರೇಷ್ಠ, ಆದರೆ ಒಂದಕ್ಕೊಂದು ಪೂರ್ತಿ ವಿರುದ್ಧ ಧ್ರುವಗಳು ಎಂಬುದು ಅವನ ಮಾತಿನ ಸಾರ. ಹಳೇಬೀಡಿನ ಹೆಸರು ಪಶ್ಚಿಮದ ಓದುಗರಿಗೆ ಮುಟ್ಟಿದ್ದರಲ್ಲಿ ಆ ಪುಸ್ತಕದ ಪಾಲು ದೊಡ್ಡದು.

ಹೊಯ್ಸಳ ಶಿಲ್ಪಿಗಳ ಇನ್ನೊಂದು ವಿಶೇಷ ಎಲ್ಲ ವಿದ್ಯಾರ್ಥಿಗಳಿಗೂ ಗೊತ್ತಿರಬೇಕು. ಅವರಲ್ಲಿ ಹಲವರು ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದರು. ವಿಷ್ಣುವರ್ಧನ 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ಗುಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರ ಹೆಸರುಗಳು ಇಂದಿಗೂ ಓದಲು ಸಿಗುತ್ತವೆ. ಬೇರೆ ಎಷ್ಟೋ ಕಡೆ ರಾಜನ ಹೆಸರು ಮಾತ್ರ ಉಳಿದಿರುವಾಗ, ಇಲ್ಲಿ ಉಳಿ ಹಿಡಿದವನ ಹೆಸರೂ ಉಳಿಯಿತು. ಆದರೆ ಆ ಬಳಪದ ಕಲ್ಲು ತಾನಾಗಿ ನಡೆದು ಬರಲಿಲ್ಲ. ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಆ ಕಲ್ಲನ್ನು ಒಡೆಯದಂತೆ, ಮುಕ್ಕಾಗದಂತೆ ಇಲ್ಲಿಯವರೆಗೆ ತಂದು ಮುಟ್ಟಿಸಿದವರೂ ಒಂದು ವಿದ್ಯೆ ಬಲ್ಲವರೇ. ಅವರ ಹೆಸರನ್ನು ನಾನು ಯಾವ ಕಲ್ಲಿನಲ್ಲೂ ಓದಿಲ್ಲ.

ಡ್ರೈವರು ಮತ್ತು ಅವರ ನೆಂಟರಿಲ್ಲದ ಈ ಸೋದರಳಿಯ ಅರ್ಧ ಗಂಟೆ ಬಿಟ್ಟು ಬಂದರು. ದಾರಿಯುದ್ದಕ್ಕೂ ಹುಡುಗ ಅಲ್ಲಿನ ಕತೆ ಹೇಳಿದ, ಇವರು ಇಲ್ಲಿನದು ಹೇಳಿದರು. ಅಲ್ಲಿಯೂ ಎಲ್ಲ ಸುಖವಲ್ಲವಂತೆ. ಚಳಿಗಾಲದಲ್ಲಿ ಗಾಲ್ಫ್‌ನವರು ಕಡಿಮೆ, ಕೆಲಸವೂ ಕಡಿಮೆ. ಗೆಳೆಯನ ತಂದೆ ವಾರಗಟ್ಟಲೆ ಮನೆಯಲ್ಲಿರುವುದಿಲ್ಲ. ಆದರೆ ದೂರದ ಊರಿನಲ್ಲಿ ತಂಗಿದರೆ ಡ್ರೈವರಿನ ಕೋಣೆಯ ಬಾಡಿಗೆ ಪ್ರವಾಸದ ಲೆಕ್ಕದಲ್ಲೇ ಸೇರಿರುತ್ತದಂತೆ. ‘ಕೋಣೆ ಕೊಡ್ತಾರಾ?’ ಎಂದು ನಮ್ಮ ಡ್ರೈವರು ಎರಡು ಸಲ ಕೇಳಿದರು. ಸಂಬಳ ಎಷ್ಟು ಎಂದು ಮಾತ್ರ ಕೇಳಲಿಲ್ಲ.

ಆ ರಾತ್ರಿ ನಾನು ಯೋಚಿಸಿದ್ದು ಇಷ್ಟು. ಓದದಿದ್ದರೆ ಡ್ರೈವರ್ ಆಗುತ್ತೀಯೆ ಎಂಬ ಒಂದೇ ಮಾತನ್ನು ಇಬ್ಬರು ಹೇಳಿದರು. ಒಬ್ಬ ತಾಯಿ ಹೇಳಿದಾಗ ಅದರ ಅರ್ಥ, ಆ ಕೆಲಸ ಮಾಡುವವರು ನಮಗಿಂತ ಕೆಳಗಿನವರು ಎಂದು. ಅವಳ ಮನಸ್ಸಿನಲ್ಲಿ ಹಾಗಿರದಿದ್ದರೂ ಮಗುವಿನ ಕಿವಿಗೆ ಹಾಗೆಯೇ ಬೀಳುತ್ತದೆ. ಒಬ್ಬ ಡ್ರೈವರು ತನ್ನ ಮಗನಿಗೆ ಹೇಳಿದಾಗ ಅದರ ಅರ್ಥ, ಈ ಕೆಲಸದಲ್ಲಿ ಮಲಗಲು ಜಾಗವಿಲ್ಲ, ಸೊಂಟಕ್ಕೆ ಬಿಡುವಿಲ್ಲ ಎಂದು. ಮೊದಲನೆಯದು ಮನುಷ್ಯನ ಮೇಲಿನ ತೀರ್ಪು. ಎರಡನೆಯದು ವ್ಯವಸ್ಥೆಯ ಮೇಲಿನ ದೂರು. ದೂರಿಗೆ ಪರಿಹಾರವುಂಟು. ಕೋಣೆ ಕಟ್ಟಬಹುದು, ಬಾಟಾ ಹೆಚ್ಚಿಸಬಹುದು, ಹೊತ್ತು ಗೊತ್ತು ಮಾಡಬಹುದು. ತೀರ್ಪು ಮಾತ್ರ ಮಗುವಿನ ತಲೆಯೊಳಗೆ ಕುಳಿತುಬಿಟ್ಟರೆ ಆಮೇಲೆ ಎಷ್ಟು ಓದಿದರೂ ಹೋಗುವುದಿಲ್ಲ.

ವಾಣಿಜ್ಯ ವಾಹನ ಓಡಿಸಲು ಎಂಟನೇ ತರಗತಿ ಪಾಸಾಗಿರಬೇಕೆಂಬ ನಿಯಮವನ್ನು ಕೇಂದ್ರ ಸರ್ಕಾರ 2019ರಲ್ಲಿ ತೆಗೆದುಹಾಕಿತು. ಓದಲು ಅವಕಾಶವಿಲ್ಲದವರಿಗೂ ದುಡಿಯುವ ದಾರಿ ತೆರೆಯಲಿ ಎಂಬ ಉದ್ದೇಶ ಒಳ್ಳೆಯದೇ. ಆದರೆ ಓದು ಬೇಡದ ಕೆಲಸ ಎಂಬ ಮುದ್ರೆಯೂ ಅದರಿಂದ ಬೀಳಬಾರದು. ನೋಡಿ, 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬರುವವರು ಬರೀ ಈ ಮೂರನ್ನೇ ನೋಡಿ ಹೋಗಬೇಕಾಗಿಲ್ಲ. ನಮ್ಮ ಅರಸೀಕೆರೆಯ ಶಿವಾಲಯದ ನಕ್ಷತ್ರಾಕಾರದ ತೆರೆದ ಮಂಟಪದಂಥದ್ದು ಹೊಯ್ಸಳರ ಗುಡಿಗಳಲ್ಲೇ ಅಪರೂಪ. ಹಾಸನದ ದಾರಿಯಲ್ಲಿ ಹಾರನಹಳ್ಳಿಯ ಎರಡು ಗುಡಿಗಳಿವೆ. ಜಾವಗಲ್ಲಿನಲ್ಲಿ ಲಕ್ಷ್ಮೀನರಸಿಂಹನಿದ್ದಾನೆ. ಹಳೇಬೀಡಿನಲ್ಲೇ ಕೇದಾರೇಶ್ವರ, ಬಸದಿಹಳ್ಳಿಯ ಜೈನ ಬಸದಿಗಳಿವೆ. ಅಲ್ಲಿಗೆ ಪ್ರವಾಸಿಗರನ್ನು ಒಯ್ಯಬಲ್ಲವರು ಯಾರು? ಗುಡಿಯ ಬಾಗಿಲಲ್ಲಿ ಕಾಯುವ ಗೈಡಲ್ಲ, ರೈಲ್ವೆ ಸ್ಟೇಷನ್ನಿನಿಂದಲೇ ಜೊತೆಗಿರುವ ಡ್ರೈವರು. ಅವರಿಗೆ ಒಂದಿಷ್ಟು ಇತಿಹಾಸ, ಒಂದೆರಡು ಭಾಷೆ, ಒಂದು ತರಬೇತಿ, ಕೊನೆಗೆ ಎದೆಯ ಮೇಲೆ ಒಂದು ಬ್ಯಾಡ್ಜು ಸಿಕ್ಕರೆ, ಇತಿಹಾಸದಲ್ಲಿ ಬಿ.ಎ. ಮಾಡಿದ ನಮ್ಮ ತಾಲ್ಲೂಕಿನ ಹುಡುಗ ಹುಡುಗಿಯರೂ ಆ ಸೀಟಿನಲ್ಲಿ ಹೆಮ್ಮೆಯಿಂದ ಕೂರಬಹುದು. ಆಗ ಮಕ್ಕಳಿಗೆ ಹೆದರಿಸಲು ನಾವು ಬೇರೆ ಮಾತು ಹುಡುಕಬೇಕಾಗುತ್ತದೆ.

ಅದೆಲ್ಲ ಸರ್ಕಾರ ಮಾಡಬೇಕಾದದ್ದು, ಹೊತ್ತು ಹಿಡಿಯುತ್ತದೆ. ನಾವು ಮಾಡಬಹುದಾದದ್ದು ಈ ರಜೆಯಲ್ಲೇ ಉಂಟು. ಗಾಡಿ ಗೊತ್ತು ಮಾಡುವಾಗ ಡ್ರೈವರು ಹಿಂದಿನ ರಾತ್ರಿ ಎಲ್ಲಿ, ಎಷ್ಟು ಹೊತ್ತು ಮಲಗಿದ್ದರು ಎಂದು ಕೇಳಿ. ರಾತ್ರಿ ತಂಗುವುದಿದ್ದರೆ ಲಾಡ್ಜಿನವರಿಗೆ ಒಂದು ಹಾಸಿಗೆ ಹೆಚ್ಚು ಹೇಳಿ, ಆ ಖರ್ಚನ್ನು ಪ್ರವಾಸದ ಲೆಕ್ಕದಲ್ಲೇ ಹಿಡಿಯಿರಿ. ನಿಮ್ಮ ಊಟದ ಹೊತ್ತಿಗೆ ಅವರ ಊಟವೂ ಆಯಿತೇ ನೋಡಿ. ಯಾವ ಗುಡಿಯನ್ನು ಯಾವ ಹೊತ್ತಿಗೆ ನೋಡಬೇಕೆಂದು ಮೊಬೈಲಿಗಿಂತ ಮೊದಲು ಅವರನ್ನು ಕೇಳಿ. ಮಕ್ಕಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟ್ ಹಾಕಿಸಿ, ಪ್ರಶ್ನೆ ಕೇಳಲು ಬಿಡಿ. ಬಾಡಿಗೆ ಕೊಡುವಾಗ ಅವರ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ಒಳ್ಳೆಯ ಡ್ರೈವರು ಮುಂದಿನ ಸಲ ಬೇಕೇ ಬೇಕಾಗುತ್ತದೆ.